ತೆರೆಯ ಮೇಲಿನ ಊರು ಕಟ್ಟಿದವರು: ಪ್ರಶಸ್ತಿ ಯಾವ ಕೆಲಸಕ್ಕೆ, ಯಾರ ಹೆಸರಿಗೆ?

ಬೆಂಗಳೂರು: ಆಸ್ಕರ್ ಪ್ರಶಸ್ತಿ ಪ್ರದಾನ ಸಮಾರಂಭದ ಮರುದಿನ ಪ್ರಕಟವಾಗುವ ವಿಜೇತರ ಪಟ್ಟಿಯಲ್ಲಿ ನಟ, ನಟಿ, ನಿರ್ದೇಶಕರ ಹೆಸರುಗಳೆಲ್ಲ ಮುಗಿದ ಮೇಲೆ ‘ಪ್ರೊಡಕ್ಷನ್ ಡಿಸೈನ್’ ಎಂಬ ಸಾಲೊಂದು ಇರುತ್ತದೆ. ನಮ್ಮ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳ ಪಟ್ಟಿಯಲ್ಲೂ ಅದು ಉಂಟು. ಪುಟದಲ್ಲಿ ಜಾಗ ಸಾಲದೆ ಬಂದಾಗ ಸುದ್ದಿಮನೆಯ ಕತ್ತರಿಗೆ ಮೊದಲು ಸಿಗುವ ಸಾಲುಗಳಲ್ಲಿ ಇದೂ ಒಂದು. ಇದು ಯಾವ ಕೆಲಸಕ್ಕೆ ಸಲ್ಲುವ ಗೌರವ ಎಂಬುದು ಓದುಗರಲ್ಲಿ ಹಲವರಿಗೆ ಸ್ಪಷ್ಟವಿರಲಾರದು. ಪ್ರಶಸ್ತಿ ಕೊಡುವವರಿಗೂ ಬಹುಕಾಲ ಸ್ಪಷ್ಟವಿರಲಿಲ್ಲ ಎಂಬುದು ಇದರ ಇತಿಹಾಸವನ್ನು ನೋಡಿದರೆ ತಿಳಿಯುತ್ತದೆ.

ಚಿತ್ರದ ಪಾತ್ರಗಳು ಬದುಕುವ ಜಗತ್ತು ಹೇಗಿರಬೇಕು ಎಂದು ನಿರ್ಧರಿಸುವವರು ಪ್ರೊಡಕ್ಷನ್ ಡಿಸೈನರ್. ಮನೆಯ ಗೋಡೆಗೆ ಯಾವ ಬಣ್ಣ, ಕಿಟಕಿ ಯಾವ ದಿಕ್ಕಿಗೆ, ಸೂರು ಎಷ್ಟು ಎತ್ತರ, ಬೀದಿಯ ತಿರುವು ಎಲ್ಲಿ, ಯಾವ ದೃಶ್ಯಕ್ಕೆ ಸೆಟ್ ಹಾಕಬೇಕು, ಯಾವುದಕ್ಕೆ ಇರುವ ಸ್ಥಳವೇ ಸಾಕು ಎಂಬುದೆಲ್ಲ ನಿರ್ದೇಶಕ ಮತ್ತು ಛಾಯಾಗ್ರಾಹಕರೊಡನೆ ಕುಳಿತು ಅವರು ಮಾಡುವ ತೀರ್ಮಾನ. ಆ ಕಲ್ಪನೆಯನ್ನು ನಕ್ಷೆಗೆ ಇಳಿಸಿ, ಬಡಗಿ, ಗಾರೆ ಕೆಲಸದವರು ಮತ್ತು ಬಣ್ಣದವರಿಂದ ಕಟ್ಟಿಸುವ ಹೊಣೆ ಕಲಾ ನಿರ್ದೇಶಕರದು. ಕುರ್ಚಿ, ಪರದೆ, ಪಾತ್ರೆ, ಗೋಡೆಯ ಮೇಲಿನ ಫೋಟೋ ಮುಂತಾದವನ್ನು ಹುಡುಕಿ ತಂದು ಜೋಡಿಸುವವರು ಸೆಟ್ ಡೆಕೊರೇಟರ್. ಹಾಲಿವುಡ್‌ನಲ್ಲಿ ಇವು ಮೂರು ಬೇರೆ ಬೇರೆ ಹುದ್ದೆಗಳು. ನಮ್ಮಲ್ಲಿ ಬಹುಕಾಲ ಮೂರನ್ನೂ ಒಬ್ಬರೇ ಹೊತ್ತು ನಡೆಸಿ ‘ಕಲಾ ನಿರ್ದೇಶಕ’ ಎಂಬ ಒಂದೇ ಹೆಸರಿನಿಂದ ಕರೆಸಿಕೊಂಡಿದ್ದಾರೆ.

ತೊಡಕು ಇರುವುದು ಕೆಲಸದ ಸ್ವಭಾವದಲ್ಲಿ. ಅರಮನೆಯ ಸೆಟ್ ಕಂಡಾಗ ಪ್ರೇಕ್ಷಕ ತಲೆದೂಗುತ್ತಾನೆ. ಆದರೆ ಮಧ್ಯಮ ವರ್ಗದ ಅಡುಗೆಮನೆಯೊಂದನ್ನು ಸ್ಟುಡಿಯೋದಲ್ಲಿ ಕಟ್ಟಿ ಅದು ಯಾರದೋ ನಿಜವಾದ ಅಡುಗೆಮನೆ ಎಂದು ನಂಬಿಸಿದರೆ ಅಲ್ಲೊಂದು ಕೆಲಸ ನಡೆದಿದೆ ಎಂಬುದೇ ಯಾರ ಗಮನಕ್ಕೂ ಬರುವುದಿಲ್ಲ.

ಹೆಸರು ಹುಟ್ಟಿದ ಬಗೆ

ಮೊದಲ ಆಸ್ಕರ್ ಸಮಾರಂಭ ನಡೆದ 1929ರಲ್ಲೇ ಈ ವಿಭಾಗಕ್ಕೆ ಪ್ರಶಸ್ತಿ ಇತ್ತು. ‘ದಿ ಡವ್’ ಮತ್ತು ‘ಟೆಂಪೆಸ್ಟ್’ ಚಿತ್ರಗಳಿಗಾಗಿ ಅದನ್ನು ಪಡೆದವರು ವಿಲಿಯಂ ಕ್ಯಾಮರಾನ್ ಮೆಂಜೀಸ್. ಹತ್ತು ವರ್ಷಗಳ ಬಳಿಕ ‘ಗಾನ್ ವಿತ್ ದಿ ವಿಂಡ್’ (1939) ಚಿತ್ರಕ್ಕೆ ಇದೇ ಮೆಂಜೀಸ್ ಮಾಡಿದ ಕೆಲಸ ಆಗಿನ ಯಾವ ಚೌಕಟ್ಟಿಗೂ ಒಗ್ಗಲಿಲ್ಲ. ಚಿತ್ರದ ದೃಶ್ಯಗಳನ್ನು ಅವರು ಮೊದಲೇ ಚಿತ್ರಪಟಗಳಾಗಿ ಬರೆದಿಟ್ಟರು. ಎಲ್ಲಿ ಯಾವ ಬಣ್ಣ ಮೇಲುಗೈ ಆಗಬೇಕು, ಕ್ಯಾಮೆರಾ ಎಲ್ಲಿ ನಿಲ್ಲಬೇಕು ಎಂಬುದನ್ನೂ ಸೂಚಿಸಿದರು. ಅಟ್ಲಾಂಟಾ ನಗರ ಹೊತ್ತಿ ಉರಿಯುವ ದೃಶ್ಯದ ಚಿತ್ರೀಕರಣದ ಮೇಲ್ವಿಚಾರಣೆಯೂ ಅವರದೇ. ಆ ಬೆಂಕಿಗೆ ಆಹುತಿಯಾದವು ಸ್ಟುಡಿಯೋದ ಹಿತ್ತಲಲ್ಲಿ ಬಿದ್ದಿದ್ದ ಹಳೆಯ ಸೆಟ್‌ಗಳು; ‘ಕಿಂಗ್ ಕಾಂಗ್’ ಚಿತ್ರದ ಮಹಾಗೋಡೆಯೂ ಅವುಗಳಲ್ಲಿತ್ತು. ಹಳೆಯದನ್ನು ಸುಟ್ಟ ಜಾಗದಲ್ಲೇ ಹೊಸ ಸೆಟ್ ಎದ್ದಿತೆಂಬುದು ನಿರ್ಮಾಪಕರ ಲೆಕ್ಕಾಚಾರಕ್ಕೂ ಒಳ್ಳೆಯದೇ ಆಯಿತು.

ಇಷ್ಟೆಲ್ಲ ಮಾಡಿದವರನ್ನು ಬರಿಯ ಕಲಾ ನಿರ್ದೇಶಕ ಎನ್ನಲಾಗದೆ ನಿರ್ಮಾಪಕ ಡೇವಿಡ್ ಸೆಲ್ಜ್‌ನಿಕ್ ಅವರು ಮೆಂಜೀಸ್‌ಗೆ ಹೊಸದೊಂದು ಹೆಸರು ಕೊಟ್ಟರು. ಅದೇ ಪ್ರೊಡಕ್ಷನ್ ಡಿಸೈನರ್. ಆದರೆ ಆ ವರ್ಷದ ಕಲಾ ನಿರ್ದೇಶನ ಪ್ರಶಸ್ತಿ ಅದೇ ಚಿತ್ರದ ಕಲಾ ನಿರ್ದೇಶಕ ಲೈಲ್ ವೀಲರ್ ಅವರ ಪಾಲಾಯಿತು. ಮೆಂಜೀಸ್‌ಗೆ ಬಣ್ಣದ ಬಳಕೆಗಾಗಿ ವಿಶೇಷ ಗೌರವ ಫಲಕವೊಂದನ್ನು ನೀಡಿ ಅಕಾಡೆಮಿ ಕೈತೊಳೆದುಕೊಂಡಿತು. ಹುದ್ದೆಯ ಹೆಸರು 1939ರಲ್ಲಿ ಹುಟ್ಟಿದರೂ ಪ್ರಶಸ್ತಿಯ ಹೆಸರು ಬದಲಾಗಲು 2012ರವರೆಗೆ ಕಾಯಬೇಕಾಯಿತು. ಹಳೆಯ ಹೆಸರಿನಲ್ಲಿ ಕೊನೆಯ ಪ್ರಶಸ್ತಿ ಪಡೆದ ಚಿತ್ರ ‘ಹ್ಯೂಗೋ’ (2011). ಹೊಸ ಹೆಸರಿನಲ್ಲಿ ಮೊದಲನೆಯದು ‘ಲಿಂಕನ್’ (2012). ಸೆಟ್ ಡೆಕೊರೇಟರ್‌ಗಳು 1947ರಿಂದ ಈ ಪ್ರಶಸ್ತಿಯಲ್ಲಿ ಪಾಲುದಾರರು.

ಕಪ್ಪು ಬಿಳುಪಿನ ಕಾಲದ ಒಂದು ಅನುಕೂಲ

ಈ ಇತಿಹಾಸದಲ್ಲಿ ಹೆಚ್ಚು ಚರ್ಚೆಗೆ ಬಾರದ ಒಂದು ಸಂಗತಿ ಇದೆ. 1940ರಿಂದ 1956ರವರೆಗೆ ಮತ್ತು 1959ರಿಂದ 1966ರವರೆಗೆ ಈ ವಿಭಾಗದಲ್ಲಿ ಎರಡು ಪ್ರಶಸ್ತಿಗಳಿದ್ದವು: ವರ್ಣಚಿತ್ರಕ್ಕೊಂದು, ಕಪ್ಪು ಬಿಳುಪಿನ ಚಿತ್ರಕ್ಕೊಂದು. ಐತಿಹಾಸಿಕ ವೈಭವದ ಚಿತ್ರಗಳು ಬಣ್ಣದಲ್ಲಿ ತಯಾರಾಗುತ್ತಿದ್ದುದೇ ಹೆಚ್ಚು. ಹೀಗಾಗಿ ಕಪ್ಪು ಬಿಳುಪಿನ ಪ್ರಶಸ್ತಿ ಅನೇಕ ಬಾರಿ ಸಮಕಾಲೀನ ಬದುಕಿನ ಚಿತ್ರಗಳಿಗೆ ಸಂದಿತು. ಇಕ್ಕಟ್ಟಾದ ಬಾಡಿಗೆ ಮನೆಯ ‘ಎ ಸ್ಟ್ರೀಟ್‌ಕಾರ್ ನೇಮ್ಡ್ ಡಿಸೈರ್’ (1951), ಬಂದರು ಕಾರ್ಮಿಕರ ‘ಆನ್ ದಿ ವಾಟರ್‌ಫ್ರಂಟ್’ (1954), ಬಿಲಿಯರ್ಡ್ಸ್ ಕೋಣೆಗಳ ‘ದಿ ಹಸ್ಲರ್’ (1961) ಗೆದ್ದದ್ದು ಹೀಗೆ.

ಇವುಗಳಲ್ಲಿ ಬಿಲ್ಲಿ ವೈಲ್ಡರ್ ಅವರ ‘ದಿ ಅಪಾರ್ಟ್‌ಮೆಂಟ್’ (1960) ವಿಶೇಷವಾಗಿ ಗಮನಿಸಬೇಕಾದದ್ದು. ನಾಯಕ ಒಂದು ವಿಮಾ ಕಂಪನಿಯ ಗುಮಾಸ್ತ. ಅವನ ಕಚೇರಿಯಲ್ಲಿ ಮೇಜುಗಳ ಸಾಲು ಕಣ್ಣು ಹಾಯುವಷ್ಟು ದೂರ ಚಾಚಿಕೊಂಡಂತೆ ತೋರುತ್ತದೆ. ಅಷ್ಟು ದೊಡ್ಡ ಕಚೇರಿಯನ್ನು ಸ್ಟುಡಿಯೋದಲ್ಲಿ ಕಟ್ಟುವುದು ಸಾಧ್ಯವಿರಲಿಲ್ಲ. ಕಲಾ ನಿರ್ದೇಶಕ ಅಲೆಕ್ಸಾಂಡರ್ ಟ್ರೌನರ್ ಅವರು ಹಿಂದೆ ಹೋದಂತೆ ಮೇಜುಗಳ ಅಳತೆಯನ್ನು ಕಿರಿದು ಮಾಡುತ್ತಾ ಹೋದರು. ಕೊನೆಯ ಸಾಲುಗಳಲ್ಲಿ ಕುಳ್ಳಗಿನವರನ್ನೂ ಮಕ್ಕಳನ್ನೂ ಕೂರಿಸಲಾಗಿತ್ತು. ಪ್ರೇಕ್ಷಕನಿಗೆ ಕಂಡದ್ದು ಜನಸಾಗರದ ನಡುವೆ ಒಂಟಿಯಾದ ಒಬ್ಬ ನೌಕರ ಮಾತ್ರ. ಈ ಚಾತುರ್ಯಕ್ಕೆ ಪ್ರಶಸ್ತಿ ಬಂತು.

1967ರಿಂದ ಎರಡೂ ಪ್ರಶಸ್ತಿಗಳು ಒಂದಾದವು. ಬಣ್ಣವೇ ಸರ್ವವ್ಯಾಪಿಯಾದ ಮೇಲೆ ವಿಭಜನೆಗೆ ಅರ್ಥವಿರಲಿಲ್ಲ, ನಿಜ. ಆದರೆ ಆ ನಂತರದ ವಿಜೇತರ ಪಟ್ಟಿಯನ್ನು ಓದಿದರೆ ರಾಜಮಹಾರಾಜರ ಕಾಲ, ಗತಕಾಲದ ನಗರ, ಅನ್ಯಗ್ರಹ, ಮಾಯಾಲೋಕ ಇವೇ ಮತ್ತೆ ಮತ್ತೆ ಎದುರಾಗುತ್ತವೆ. ಇಂದಿನ ಮನೆ, ಇಂದಿನ ಕಚೇರಿ ಗೆಲ್ಲುವುದು ಅಪರೂಪವಾಯಿತು.

ಪತ್ರಕರ್ತರು ನೆನಪಿಡಬೇಕಾದ ಅಪವಾದವೊಂದಿದೆ. ವಾಟರ್‌ಗೇಟ್ ಹಗರಣವನ್ನು ಬಯಲಿಗೆಳೆದ ವರದಿಗಾರರ ಕಥೆಯಾದ ‘ಆಲ್ ದಿ ಪ್ರೆಸಿಡೆಂಟ್ಸ್ ಮೆನ್’ (1976) ಚಿತ್ರಕ್ಕಾಗಿ ‘ವಾಷಿಂಗ್ಟನ್ ಪೋಸ್ಟ್’ ಪತ್ರಿಕೆಯ ಸುದ್ದಿಮನೆಯನ್ನು ಕ್ಯಾಲಿಫೋರ್ನಿಯಾದ ಬರ್ಬ್ಯಾಂಕ್ ಸ್ಟುಡಿಯೋದಲ್ಲಿ ಯಥಾವತ್ತಾಗಿ ಮರುನಿರ್ಮಿಸಲಾಯಿತು. ಪತ್ರಿಕೆಗೆ ಮೇಜು ಒದಗಿಸಿದ್ದ ಕಂಪನಿಯಿಂದಲೇ ಮೇಜುಗಳನ್ನು ಕೊಂಡು ತಂದರು. ಅಷ್ಟಕ್ಕೇ ತೃಪ್ತರಾಗದೆ, ನಿಜವಾದ ಸುದ್ದಿಮನೆಯ ಕಾಗದಪತ್ರ ಮತ್ತು ಕಸವನ್ನೂ ಪೆಟ್ಟಿಗೆಗಳಲ್ಲಿ ತುಂಬಿ ತರಿಸಿ ಮೇಜುಗಳ ಮೇಲೆ ಹರಡಿದರು. ಜಾರ್ಜ್ ಜೆಂಕಿನ್ಸ್ ಮತ್ತು ಜಾರ್ಜ್ ಗೇನ್ಸ್ ಅವರಿಗೆ ಆ ವರ್ಷದ ಆಸ್ಕರ್ ಸಂದಿತು. ಕಸದ ಸಾಚಾತನಕ್ಕೂ ಮನ್ನಣೆ ಸಿಕ್ಕ ಬೇರೊಂದು ನಿದರ್ಶನ ಸಿಗುವುದು ಕಷ್ಟ.

ಇದಕ್ಕೆ ವಿರುದ್ಧವಾದ ಉದಾಹರಣೆ ದಕ್ಷಿಣ ಕೊರಿಯಾದ ‘ಪ್ಯಾರಾಸೈಟ್’ (2019). ಆ ಚಿತ್ರದ ಸಿರಿವಂತರ ಮನೆ ಯಾವುದೋ ವಾಸ್ತುಶಿಲ್ಪಿ ಕಟ್ಟಿದ ನಿಜವಾದ ಬಂಗಲೆ ಎಂದೇ ಜಗತ್ತಿನಾದ್ಯಂತ ಅನೇಕ ಪ್ರೇಕ್ಷಕರು ಭಾವಿಸಿದ್ದರು. ಅದು ಸೆಟ್. ಖಾಲಿ ನಿವೇಶನವೊಂದರಲ್ಲಿ ಸೂರ್ಯನ ಚಲನೆಯನ್ನು ಗಮನಿಸಿ, ಬೆಳಕು ಎಷ್ಟು ಹೊತ್ತಿಗೆ ಯಾವ ಕಿಟಕಿಯಿಂದ ಒಳಬರಬೇಕೆಂದು ಲೆಕ್ಕ ಹಾಕಿ ಕಟ್ಟಿದ್ದು. ಬಡ ಕುಟುಂಬದ ಓಣಿಯೂ ಸೆಟ್ಟೇ. ಮಳೆನೀರಿನಲ್ಲಿ ಮುಳುಗಿಸುವ ಸಲುವಾಗಿ ಅದನ್ನು ನೀರಿನ ತೊಟ್ಟಿಯೊಳಗೆ ಕಟ್ಟಲಾಗಿತ್ತು. ಮೇಲಿನ ಮನೆಯಿಂದ ಕೆಳಗಿನ ಮನೆಗೆ ಇಳಿಯುವ ಮೆಟ್ಟಿಲುಗಳೇ ಚಿತ್ರದ ಕಥೆ ಎಂದರೂ ತಪ್ಪಾಗದು. ‘ಪ್ಯಾರಾಸೈಟ್’ ಅತ್ಯುತ್ತಮ ಚಿತ್ರವೂ ಸೇರಿದಂತೆ ನಾಲ್ಕು ಆಸ್ಕರ್‌ಗಳನ್ನು ಗೆದ್ದಿತು. ಪ್ರೊಡಕ್ಷನ್ ಡಿಸೈನ್‌ಗೆ ನಾಮಕರಣವಾಗಿದ್ದರೂ ಪ್ರಶಸ್ತಿ ಹೋದದ್ದು 1969ರ ಲಾಸ್ ಏಂಜಲಿಸ್ ನಗರವನ್ನು ಮರುಸೃಷ್ಟಿಸಿದ ‘ಒನ್ಸ್ ಅಪಾನ್ ಎ ಟೈಮ್ ಇನ್ ಹಾಲಿವುಡ್’ ಚಿತ್ರಕ್ಕೆ. ಆ ಕೆಲಸವೂ ಸಣ್ಣದೇನಲ್ಲ. ಆದರೆ ಕಾರಣ ಊಹಿಸುವುದು ಕಷ್ಟವಲ್ಲ. ನಾಮಕರಣ ಮಾಡುವವರು ಅದೇ ವೃತ್ತಿಯ ಸದಸ್ಯರು. ಅಂತಿಮ ಮತ ಹಾಕುವವರು ನಟರಿಂದ ಹಿಡಿದು ಪ್ರಚಾರ ವಿಭಾಗದವರ ತನಕ ಅಕಾಡೆಮಿಯ ಎಲ್ಲ ಸದಸ್ಯರು. ಎದ್ದು ಕಾಣುವ ಕೆಲಸಕ್ಕೆ ಅಲ್ಲಿ ಹೆಚ್ಚು ಮತ ಬೀಳುವುದು ಸಹಜ.

ಅಮೆರಿಕದ ಕಲಾ ನಿರ್ದೇಶಕರ ಸಂಘ ತನ್ನ ವಾರ್ಷಿಕ ಪ್ರಶಸ್ತಿಗಳಲ್ಲಿ ಇದಕ್ಕೆ ಸರಳ ಪರಿಹಾರ ಕಂಡುಕೊಂಡಿದೆ. ಗತಕಾಲದ ಚಿತ್ರ, ಕಲ್ಪನಾಲೋಕದ ಚಿತ್ರ ಮತ್ತು ಸಮಕಾಲೀನ ಚಿತ್ರ ಎಂದು ಅಲ್ಲಿ ಬೇರೆ ಬೇರೆ ವಿಭಾಗಗಳಿವೆ. ಸಮಕಾಲೀನ ವಿಭಾಗದಲ್ಲಿ ಆ ವರ್ಷ ಗೆದ್ದದ್ದು ‘ಪ್ಯಾರಾಸೈಟ್’.

ಯಾರ ಹೆಸರು, ಯಾರ ಕೆಲಸ?

ಇನ್ನೊಂದು ಪ್ರಶ್ನೆ, ಪ್ರಶಸ್ತಿಯ ಮೇಲೆ ಯಾರ ಹೆಸರು ಕೆತ್ತಬೇಕು ಎಂಬುದು. ಈ ವಿಭಾಗದಲ್ಲಿ ಅತಿ ಹೆಚ್ಚು, ಅಂದರೆ 11 ಆಸ್ಕರ್ ಗೆದ್ದವರು ಎಂಜಿಎಂ ಸ್ಟುಡಿಯೋದ ಸೆಡ್ರಿಕ್ ಗಿಬ್ಬನ್ಸ್. ಆಸ್ಕರ್ ಪ್ರತಿಮೆಯ ವಿನ್ಯಾಸವೂ ಅವರದೇ. ಸ್ಟುಡಿಯೋದೊಂದಿಗಿನ ಅವರ ಕರಾರಿನಲ್ಲಿ ಒಂದು ಷರತ್ತಿತ್ತು: ಅಮೆರಿಕದಲ್ಲಿ ಬಿಡುಗಡೆಯಾಗುವ ಸಂಸ್ಥೆಯ ಪ್ರತಿಯೊಂದು ಚಿತ್ರದಲ್ಲೂ ಕಲಾ ನಿರ್ದೇಶಕರಾಗಿ ಅವರ ಹೆಸರು ಬರಬೇಕು. ಹೀಗೆ ಸುಮಾರು 1,500 ಚಿತ್ರಗಳ ಮೇಲೆ ಅವರ ಹೆಸರಿದೆ. ಅಷ್ಟನ್ನು ಒಬ್ಬ ಮನುಷ್ಯ ಸ್ವತಃ ವಿನ್ಯಾಸಗೊಳಿಸಲಾರ ಎಂಬುದಕ್ಕೆ ಸಾಕ್ಷ್ಯ ಬೇಕಿಲ್ಲ. ವಿಭಾಗದ ಮುಖ್ಯಸ್ಥನ ಹೆಸರಿನ ಹಿಂದೆ ಹತ್ತಾರು ಮಂದಿಯ ಕೆಲಸವಿತ್ತು.

ಈ ಪ್ರಶ್ನೆಯ ಒಂದು ಎಳೆ ನಮ್ಮ ರಾಮನಗರದವರೆಗೂ ಬರುತ್ತದೆ. ‘ಶೋಲೆ’ (1975) ಚಿತ್ರದ ರಾಮಗಢವನ್ನು ರಾಮನಗರದ ಬಂಡೆಗಳ ನಡುವೆ ಕಟ್ಟಿದವರು ಕಲಾ ನಿರ್ದೇಶಕ ರಾಮ್ ಯಡೇಕರ್. ಮನೆ, ಗುಡಿ, ಬೀದಿ, ನೀರಿನ ಟ್ಯಾಂಕ್ ಎಲ್ಲವೂ ಇದ್ದ ಒಂದು ಇಡೀ ಹಳ್ಳಿ ಅದು. ಚಿತ್ರೀಕರಣದ ಸಲುವಾಗಿ ಬೆಂಗಳೂರು ಹೆದ್ದಾರಿಯಿಂದ ಅಲ್ಲಿಗೆ ರಸ್ತೆಯನ್ನೂ ನಿರ್ಮಿಸಬೇಕಾಯಿತು. ಆ ಊರು ಉತ್ತರ ಭಾರತದಲ್ಲೆಲ್ಲೋ ಇದೆ ಎಂದು ನಂಬಿದ ಪ್ರೇಕ್ಷಕರು ಲಕ್ಷಾಂತರ ಮಂದಿ. ಹಿಂದಿ ಚಿತ್ರರಂಗದ ಮಹಾಯಶಸ್ಸುಗಳಲ್ಲಿ ಒಂದಾದ ಆ ಚಿತ್ರಕ್ಕೆ ಫಿಲ್ಮ್‌ಫೇರ್‌ನಲ್ಲಿ ಬಂದ ಪ್ರಶಸ್ತಿ ಒಂದೇ, ಅದು ಸಂಕಲನಕ್ಕೆ. ರಾಷ್ಟ್ರೀಯ ಪ್ರಶಸ್ತಿಗಳಲ್ಲಿ ಕಲಾ ನಿರ್ದೇಶನದ ವಿಭಾಗವೇ ಆಗ ಇರಲಿಲ್ಲ.

ಯಡೇಕರ್ ಅವರ ಹೆಸರು ‘ಗಾಂಧಿ’ (1982) ಚಿತ್ರದ ಕಲಾ ನಿರ್ದೇಶಕರ ಪಟ್ಟಿಯಲ್ಲೂ ಇದೆ. ಆ ಚಿತ್ರ ಕಲಾ ನಿರ್ದೇಶನಕ್ಕೆ ಆಸ್ಕರ್ ಗೆದ್ದಿತು. ಪ್ರಶಸ್ತಿಯಲ್ಲಿ ನಮೂದಾದ ಹೆಸರುಗಳು ಸ್ಟುವರ್ಟ್ ಕ್ರೇಗ್, ಬಾಬ್ ಲೇಯಿಂಗ್ ಮತ್ತು ಮೈಕೇಲ್ ಸೀರ್ಟನ್. ವಸ್ತ್ರವಿನ್ಯಾಸಕ್ಕಾಗಿ ಅದೇ ರಾತ್ರಿ ಭಾನು ಅಥಯ್ಯ ಭಾರತದ ಮೊದಲ ಆಸ್ಕರ್ ಪಡೆದದ್ದು ನಮಗೆಲ್ಲ ನೆನಪಿದೆ. ಯಡೇಕರ್ ಹೆಸರು ನೆನಪಿರುವವರು ವಿರಳ. ಡೇವಿಡ್ ಲೀನ್ ಅವರ ‘ಎ ಪ್ಯಾಸೇಜ್ ಟು ಇಂಡಿಯಾ’ (1984) ಚಿತ್ರದಲ್ಲೂ ಅವರು ದುಡಿದರು. ನಾಲ್ಕು ಆಸ್ಕರ್ ಗೆದ್ದಿದ್ದ ಜಾನ್ ಬಾಕ್ಸ್ ಅದರ ಪ್ರೊಡಕ್ಷನ್ ಡಿಸೈನರ್. ಚಿತ್ರದ ಪಟ್ಟಣಕ್ಕಾಗಿ ಬೆಂಗಳೂರು ಅರಮನೆಯ ಆವರಣದಲ್ಲಿ ಸೆಟ್ ಎದ್ದಿತು. ಕಾದಂಬರಿಯ ಮರಾಬರ್ ಗುಹೆಗಳ ದೃಶ್ಯಗಳಿಗೆ ಸಾವನದುರ್ಗ ಮತ್ತು ರಾಮನಗರದ ಬೆಟ್ಟಗಳು ಒದಗಿದವು. ಕಲಾ ನಿರ್ದೇಶನವೂ ಸೇರಿ 11 ನಾಮಕರಣ ಪಡೆದ ಈ ಚಿತ್ರ ಆ ವಿಭಾಗದಲ್ಲಿ ‘ಅಮೆಡಿಯಸ್’ ಎದುರು ಸೋತಿತು.

ರಾಷ್ಟ್ರೀಯ ಪ್ರಶಸ್ತಿಯ ದಾರಿ

ಕಲಾ ನಿರ್ದೇಶನಕ್ಕೆ ರಾಷ್ಟ್ರೀಯ ಪ್ರಶಸ್ತಿ ಆರಂಭವಾದದ್ದು 1979ನೇ ಸಾಲಿನಿಂದ. ನಂತರ ಅಲ್ಲಿಯೂ ‘ಪ್ರೊಡಕ್ಷನ್ ಡಿಸೈನ್’ ಎಂಬ ಹೆಸರು ಬಂತು. ವಿಜೇತರಿಗೆ ರಜತ ಕಮಲ ದೊರೆಯುತ್ತದೆ. 2024ರಲ್ಲಿ ಪ್ರಕಟವಾದ 70ನೇ ಪ್ರಶಸ್ತಿಗಳಿಂದ ಅದರ ನಗದನ್ನು 2 ಲಕ್ಷ ರೂಪಾಯಿಗೆ ಏರಿಸಲಾಗಿದೆ.

ಈ ಪಟ್ಟಿ ಆಸ್ಕರ್ ಪಟ್ಟಿಗಿಂತ ಒಂದು ವಿಷಯದಲ್ಲಿ ಉದಾರವಾಗಿದೆ. ಆಯ್ಕೆ ಸಣ್ಣ ತೀರ್ಪುಗಾರರ ಮಂಡಳಿಯ ಕೈಯಲ್ಲಿರುವುದು ಇದಕ್ಕೆ ಕಾರಣವಿರಬಹುದು. ‘ಖಾರಿಜ್’ (1982) ಮೃಣಾಲ್ ಸೇನ್ ಅವರ ಚಿತ್ರ. ಕಲ್ಕತ್ತೆಯ ಮಧ್ಯಮ ವರ್ಗದ ಮನೆಯೊಂದರಲ್ಲಿ ಕೆಲಸದ ಹುಡುಗ ಚಳಿಯ ರಾತ್ರಿ ಅಡುಗೆಮನೆಯಲ್ಲಿ ಮಲಗಿ ಸಾಯುತ್ತಾನೆ. ಅಲ್ಲಿ ವೈಭವವಿಲ್ಲ; ಗಾಳಿಯಾಡದ ಒಂದು ಕೋಣೆಯೇ ಮುಖ್ಯ. ಅದಕ್ಕಾಗಿ ನಿತೀಶ್ ರಾಯ್ ಅವರಿಗೆ ಪ್ರಶಸ್ತಿ ಬಂತು. ‘ನಾಯಕನ್’ (1987) ಚಿತ್ರಕ್ಕಾಗಿ ತೋಟ ತರಣಿ ಅವರು ಮುಂಬೈಯ ಧಾರಾವಿ ಕೊಳೆಗೇರಿಯನ್ನು ಮದರಾಸಿನ ಸ್ಟುಡಿಯೋದಲ್ಲಿ ಕಟ್ಟಿ ಗೆದ್ದರು. ತೆಲುಗಿನ ‘ದಾಸಿ’ (1988) ಚಿತ್ರಕ್ಕೆ ಗೆದ್ದವರು ವರ್ಣಚಿತ್ರ ಕಲಾವಿದ ವೈಕುಂಠಂ.

ಕನ್ನಡಕ್ಕೆ ಈ ಗೌರವ ತಂದದ್ದು ಗಿರೀಶ್ ಕಾಸರವಳ್ಳಿ ಅವರ ‘ತಾಯಿ ಸಾಹೇಬ’ (1997). ರಂ.ಶಾ. ಲೋಕಾಪುರ ಅವರ ಕಾದಂಬರಿಯನ್ನು ಆಧರಿಸಿದ ಈ ಚಿತ್ರ ಸ್ವರ್ಣ ಕಮಲ ಪಡೆದುದು, ಜಯಮಾಲಾ ಅವರ ಅಭಿನಯ ಮೆಚ್ಚುಗೆ ಗಳಿಸಿದುದು ಎಲ್ಲರಿಗೂ ತಿಳಿದಿದೆ. ಅದೇ ಚಿತ್ರ ಕಲಾ ನಿರ್ದೇಶನಕ್ಕೆ ರಮೇಶ ದೇಸಾಯಿ ಅವರಿಗೂ ವಸ್ತ್ರವಿನ್ಯಾಸಕ್ಕೆ ವೈಶಾಲಿ ಕಾಸರವಳ್ಳಿ ಅವರಿಗೂ ಪ್ರಶಸ್ತಿ ತಂದಿತು ಎಂಬುದು ಅಷ್ಟಾಗಿ ಪ್ರಸ್ತಾಪವಾಗುವುದಿಲ್ಲ. ಸ್ವಾತಂತ್ರ್ಯಪೂರ್ವದಿಂದ ಸ್ವಾತಂತ್ರ್ಯೋತ್ತರ ಕಾಲದವರೆಗೆ ಕಥೆ ಸಾಗುತ್ತದೆ. ಹೊರಗೆ ಚಳವಳಿ, ರಾಜಕೀಯ ಬದಲಾಗುತ್ತಿದ್ದರೆ ಹೆಣ್ಣಿನ ಬದುಕು ದೊಡ್ಡ ಮನೆಯೊಂದರ ಒಳಗೆ ಉಳಿಯುತ್ತದೆ. ಕಾಲ ಸರಿದದ್ದನ್ನು ಆ ಮನೆಯೇ ಹೇಳಬೇಕು. ಅದ್ದೂರಿ ವೆಚ್ಚದ ಸೆಟ್ ಹಾಕದೆಯೂ ರಾಷ್ಟ್ರಮಟ್ಟದಲ್ಲಿ ಗೆಲ್ಲಬಹುದು ಎಂಬುದಕ್ಕೆ ಕನ್ನಡದ ಈ ನಿದರ್ಶನ ಸಾಕು.

ನಂತರದ ವರ್ಷಗಳಲ್ಲಿ ತೂಕ ವೈಭವದ ಕಡೆಗೆ ವಾಲಿತು. ನಿತಿನ್ ಚಂದ್ರಕಾಂತ ದೇಸಾಯಿ ‘ಡಾ. ಬಾಬಾಸಾಹೇಬ್ ಅಂಬೇಡ್ಕರ್’, ‘ಹಮ್ ದಿಲ್ ದೇ ಚುಕೆ ಸನಮ್’, ‘ಲಗಾನ್’ ಮತ್ತು ‘ದೇವದಾಸ್’ ಚಿತ್ರಗಳಿಗಾಗಿ ನಾಲ್ಕು ಬಾರಿ ಗೆದ್ದರು. ಅವರು 2023ರ ಆಗಸ್ಟ್‌ನಲ್ಲಿ ಕರ್ಜತ್‌ನ ತಮ್ಮ ಸ್ಟುಡಿಯೋದಲ್ಲೇ ನಿಧನರಾದರು. ಸಾಬು ಸಿರಿಲ್ ಅವರ ಪಾಲಿಗೂ ನಾಲ್ಕು ಪ್ರಶಸ್ತಿಗಳಿವೆ.

ಗಣಕಯಂತ್ರ ಕಟ್ಟಿದ ಗೋಡೆ

ಈಗಿನ ಹೊಸ ಗೊಂದಲ ಗಣಕಯಂತ್ರದ್ದು. ‘ಅವತಾರ್’ (2009) ಚಿತ್ರದ ಪಂಡೋರಾ ಗ್ರಹದ ಬಹುಪಾಲು ಕಾಡು ಎಲ್ಲಿಯೂ ಕಟ್ಟಿದ್ದಲ್ಲ. ಆದರೂ ಅದು ಕಲಾ ನಿರ್ದೇಶನದ ಆಸ್ಕರ್ ಗೆದ್ದಾಗ ಸುತ್ತಿಗೆ, ಉಳಿ ಹಿಡಿದು ಬೆಳೆದ ಹಿರಿಯ ತಂತ್ರಜ್ಞರಿಗೆ ಕಸಿವಿಸಿಯಾದರೆ ಆಶ್ಚರ್ಯವಿಲ್ಲ. ಗಿಡ ಮರಗಳನ್ನು ಕಲ್ಪಿಸಿದ್ದು ವಿನ್ಯಾಸಕರೇ ಆದ್ದರಿಂದ ಪ್ರಶಸ್ತಿ ನ್ಯಾಯವಾದುದೇ ಎಂದು ಈ ವರದಿಗಾರನಿಗೆ ತೋರುತ್ತದೆ. ಆ ತಂಡದಲ್ಲಿದ್ದ ರಿಕ್ ಕಾರ್ಟರ್ ಮೂರು ವರ್ಷಗಳ ನಂತರ ‘ಲಿಂಕನ್’ ಚಿತ್ರಕ್ಕಾಗಿ ಮತ್ತೆ ಗೆದ್ದರು. ಆ ಬಾರಿ ಮಬ್ಬು ಬೆಳಕಿನ ಕಚೇರಿ ಕೋಣೆಗಳು, ಗೋಡೆ ಕಾಗದ, ನಕಾಶೆಗಳಿಗಾಗಿ.

ನಮ್ಮಲ್ಲಿ ಇದರ ಗೆರೆ ಇನ್ನೂ ಮಸುಕು. ‘ಎಂದಿರನ್’ (2010) ಚಿತ್ರಕ್ಕೆ ವಿಶೇಷ ಪರಿಣಾಮ ಮತ್ತು ಪ್ರೊಡಕ್ಷನ್ ಡಿಸೈನ್ ಎರಡೂ ರಾಷ್ಟ್ರೀಯ ಪ್ರಶಸ್ತಿ ಬಂದವು. ‘ಬಾಹುಬಲಿ’ (2015) ಅತ್ಯುತ್ತಮ ಚಿತ್ರವೆನಿಸಿ ವಿಶೇಷ ಪರಿಣಾಮಕ್ಕೂ ಗೆದ್ದಿತು. ಅದರ ಮಾಹಿಷ್ಮತಿಯನ್ನು ರೂಪಿಸಿದ್ದ ಸಾಬು ಸಿರಿಲ್‌ಗೆ ಆ ಸಾಲಿನ ಪ್ರಶಸ್ತಿ ಬರಲಿಲ್ಲ, ಅದು ‘ಬಾಜಿರಾವ್ ಮಸ್ತಾನಿ’ಯ ಪಾಲಾಯಿತು. ಕನ್ನಡದ ‘ಕೆಜಿಎಫ್: ಚಾಪ್ಟರ್ 1’ (2018) ಕಥೆಯೂ ಹೀಗೆಯೇ. ಕೋಲಾರದ ಚಿನ್ನದ ಗಣಿಯ ಸೈನೈಡ್ ದಿಬ್ಬಗಳ ನಡುವೆ ದೂಳಿನಲ್ಲಿ ಎದ್ದ ಸೆಟ್ ಆ ಚಿತ್ರದ ಮೈಬಣ್ಣವನ್ನೇ ನಿರ್ಧರಿಸಿತು. ರಾಷ್ಟ್ರೀಯ ಪ್ರಶಸ್ತಿ ಬಂದದ್ದು ಸಾಹಸಕ್ಕೆ ಮತ್ತು ವಿಶೇಷ ಪರಿಣಾಮಕ್ಕೆ. ಪ್ರೊಡಕ್ಷನ್ ಡಿಸೈನ್ ಪ್ರಶಸ್ತಿ ಮಲಯಾಳದ ‘ಕಮ್ಮಾರ ಸಂಭವಂ’ಗೆ ಹೋಯಿತು. ತೆರೆಯ ಮೇಲೆ ಮಣ್ಣಿನ ಗೋಡೆ ಎಲ್ಲಿ ಮುಗಿದು ಗಣಕಯಂತ್ರದ ಗೋಡೆ ಎಲ್ಲಿ ಶುರುವಾಯಿತು ಎಂಬುದನ್ನು ಚಿತ್ರ ನೋಡಿ ಮಾತ್ರ ಹೇಳುವುದು ಯಾವ ತೀರ್ಪುಗಾರರಿಗೂ ಸುಲಭವಲ್ಲ. ನಿರ್ಮಾಪಕರು ಪ್ರವೇಶದ ಜೊತೆಗೆ ಸೆಟ್‌ನ ನಕ್ಷೆ ಮತ್ತು ನಿರ್ಮಾಣ ಹಂತದ ಛಾಯಾಚಿತ್ರಗಳನ್ನೂ ಸಲ್ಲಿಸುವ ಪದ್ಧತಿ ಬಂದರೆ ಈ ಗೊಂದಲ ಒಂದಿಷ್ಟು ಕಡಿಮೆಯಾದೀತು.

ಹೆಸರುಗಳ ವಿಷಯದಲ್ಲಿ ಬದಲಾವಣೆ ಈಗಾಗಲೇ ಕಾಣುತ್ತಿದೆ. ‘ಬಾಜಿರಾವ್ ಮಸ್ತಾನಿ’ಗೆ ಪ್ರಶಸ್ತಿ ಹಂಚಿಕೊಂಡವರು ಮೂವರು, ತಮಿಳಿನ ‘24’ (2016) ಚಿತ್ರಕ್ಕೂ ಮೂವರು, ‘ಸರ್ದಾರ್ ಉಧಮ್’ (2021) ಚಿತ್ರಕ್ಕೆ ಇಬ್ಬರು, ಅವರಲ್ಲಿ ಒಬ್ಬರು ರಷ್ಯಾದವರು. ಬಡಗಿ, ಪೇಂಟರ್, ವೆಲ್ಡರ್, ಅಚ್ಚು ಎರಕದವರ ಹೆಸರುಗಳು ಮಾತ್ರ ಇಂದಿಗೂ ಚಿತ್ರ ಮುಗಿದ ಮೇಲೆ ಸಣ್ಣ ಅಕ್ಷರದಲ್ಲಿ ಮೇಲೇರುತ್ತವೆ. ಅಷ್ಟರಲ್ಲಿ ಚಿತ್ರಮಂದಿರದ ದೀಪಗಳು ಹತ್ತಿರುತ್ತವೆ, ಜನ ಬಾಗಿಲಿನತ್ತ ನಡೆದಿರುತ್ತಾರೆ.